ಓಟಕ್ಕೊಂದು ವಾಚು: ಯಾವುದಕ್ಕೆ ದುಡ್ಡು ಕೊಡಬೇಕು, ಯಾವ ಅಂಕಿ ನಂಬಬೇಕು

ಬೆಂಗಳೂರಿನ ವರ್ಲ್ಡ್ 10ಕೆಗೆ ಹೆಸರು ಕೊಟ್ಟ ಮೇಲೆ ಬಹಳ ಜನ ಮೊದಲು ಶೂ ತಗೊಳ್ಳುತ್ತಾರೆ, ಆಮೇಲೆ ವಾಚು ಹುಡುಕಲು ಶುರು ಮಾಡುತ್ತಾರೆ. ಶೂ ಆದರೆ ಅಂಗಡಿಯಲ್ಲೇ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಬಹುದು. ವಾಚಿಗೆ ಆ ಅನುಕೂಲ ಇಲ್ಲ. ಗಾಜಿನ ಕಪಾಟಿನೊಳಗೆ ಎಲ್ಲವೂ ಚೆಂದವೇ. ಡಬ್ಬದ ಮೇಲೆ ನೂರು ಸ್ಪೋರ್ಟ್ಸ್ ಮೋಡ್, ನಿದ್ದೆಯ ಅಂಕ, ಒತ್ತಡದ ಅಂಕ, ಆಮ್ಲಜನಕದ ಅಂಕ ಅಂತೆಲ್ಲ ಬರೆದಿರುತ್ತದೆ. ಓಡುವವರಿಗೆ ಅದರಲ್ಲಿ ಬೇಕಾಗುವುದು ಮೂರೋ ನಾಲ್ಕೋ ಅಷ್ಟೇ.

ಕೊಳ್ಳುವಾಗಲೂ ಬಳಸುವಾಗಲೂ ಒಂದು ವಿಷಯ ತಲೆಯಲ್ಲಿರಲಿ. ವಾಚು ಕೆಲವನ್ನು ನಿಜವಾಗಿ ಅಳೆಯುತ್ತದೆ. ಕೆಲವನ್ನು ಲೆಕ್ಕ ಹಾಕುತ್ತದೆ. ಉಳಿದದ್ದನ್ನು ಊಹಿಸುತ್ತದೆ. ಪರದೆಯ ಮೇಲೆ ಮಾತ್ರ ಮೂರೂ ಒಂದೇ ಗಾತ್ರದ ಅಕ್ಷರದಲ್ಲಿ ಬರುತ್ತವೆ. ಸಮಯ ಅಳತೆ, ಅದನ್ನು ಕಣ್ಣು ಮುಚ್ಚಿ ನಂಬಿ. ದೂರ ಲೆಕ್ಕ, ಬಹುಮಟ್ಟಿಗೆ ನಂಬಿ. ಆ ಕ್ಷಣದ ಪೇಸ್, ಅಂದರೆ ಒಂದು ಕಿ.ಮೀ.ಗೆ ಎಷ್ಟು ನಿಮಿಷ ಅನ್ನುವುದು, ಲೆಕ್ಕದ ಮೇಲಿನ ಲೆಕ್ಕ, ಸ್ವಲ್ಪ ಅನುಮಾನದಿಂದ ನೋಡಿ. ಮಣಿಕಟ್ಟಿನಲ್ಲಿ ಸಿಗುವ ಹಾರ್ಟ್ ರೇಟ್ ಒಂದು ದಿನ ಸರಿ ಇರುತ್ತದೆ, ಇನ್ನೊಂದು ದಿನ ಪೂರ್ತಿ ತಪ್ಪಿರುತ್ತದೆ. ಕ್ಯಾಲೊರಿ, ವಿಶ್ರಾಂತಿಯ ಗಂಟೆ, ನಿಮ್ಮ ಮ್ಯಾರಥಾನ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದು, ಇವೆಲ್ಲ ಊಹೆ.

ಹೆಜ್ಜೆ 1: ವಾಚು ಬೇಕಾ ಅಂತಲೇ ಮೊದಲು ಕೇಳಿಕೊಳ್ಳಿ

ಈಗಷ್ಟೇ ಓಟ ಶುರು ಮಾಡಿದ್ದೀರಿ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ಇದಕ್ಕೆ ಇಪ್ಪತ್ತು ಸಾವಿರದ ವಾಚು ಬೇಡ. ಸಾವಿರ ಚಿಲ್ಲರೆಗೆ ಸಿಗುವ ಡಿಜಿಟಲ್ ವಾಚು ಸಾಕು. ಆದರೆ ಸ್ಟಾಪ್‌ವಾಚ್ ಎಷ್ಟು ಹೊತ್ತಿನವರೆಗೆ ಎಣಿಸುತ್ತದೆ ಅಂತ ನೋಡಿಕೊಳ್ಳಿ. ಎಲ್ಲರಿಗೂ ಗೊತ್ತಿರುವ ಕ್ಯಾಸಿಯೊ ಎಫ್-91ಡಬ್ಲ್ಯೂ 1989ರಿಂದ ಬರುತ್ತಿದೆ, ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಅದರ ಸ್ಟಾಪ್‌ವಾಚ್ ಮಾತ್ರ 59 ನಿಮಿಷ 59 ಸೆಕೆಂಡಿಗೆ ಮುಗಿಯುತ್ತದೆ. ಒಂದು ಗಂಟೆ ದಾಟುವ 10 ಕಿ.ಮೀ. ಓಟಕ್ಕೆ ಅದು ಆಗಲ್ಲ. ಲ್ಯಾಪ್ (ಓಟದ ಒಂದೊಂದು ತುಂಡಿನ ಸಮಯ) ನೆನಪಿಟ್ಟುಕೊಳ್ಳುವ, ಗಂಟೆಗಳ ಲೆಕ್ಕ ಇರುವ ಡಿಜಿಟಲ್ ವಾಚು ಅದಕ್ಕಿಂತ ಸ್ವಲ್ಪ ಜಾಸ್ತಿ ಬೆಲೆಗೇ ಸಿಗುತ್ತದೆ.

ಮನೆಯಿಂದ ಓಡುವ ದಾರಿ ದಿನಾ ಒಂದೇ ಆಗಿದ್ದರೆ ದೂರ ಅಳೆಯಲೂ ಜಿಪಿಎಸ್ ಬೇಡ. ಫೋನಿನ ಮ್ಯಾಪಿನಲ್ಲಿ ಒಂದು ಸಲ ಅಳೆದು, ಪ್ರತಿ ಕಿ.ಮೀ.ಗೂ ಒಂದು ಗುರುತು ಇಟ್ಟುಕೊಳ್ಳಿ. ಬೇಕರಿಗೆ ಒಂದು, ಕೆರೆ ಏರಿಯ ತಿರುವಿಗೆ ಎರಡು. ಅಲ್ಲಿಂದಾಚೆ ಸಮಯ ಒಂದಿದ್ದರೆ ಪೇಸ್ ತಾನಾಗಿಯೇ ಸಿಗುತ್ತದೆ.

ಜಿಪಿಎಸ್ ವಾಚು ಕೆಲಸಕ್ಕೆ ಬರುವುದು ಯಾವಾಗ? ವಾರಕ್ಕೆ ಮೂರು ನಾಲ್ಕು ದಿನ, ಬೇರೆ ಬೇರೆ ದಾರಿಯಲ್ಲಿ ಓಡುವಾಗ. ಇಂಟರ್ವಲ್ (ಜೋರು-ನಿಧಾನ ಸರದಿ), ಟೆಂಪೋ (ಒಂದೇ ಸಮನೆ ಜೋರು), ಲಾಂಗ್ ರನ್ (ದೂರದ ನಿಧಾನ ಓಟ) ಅಂತ ಬೇರೆ ಬೇರೆ ವೇಗದ ದಿನಗಳು ಬಂದಾಗ. ಎಲ್ಲಕ್ಕಿಂತ ಮುಖ್ಯವಾಗಿ, ನಿಧಾನವಾಗಿ ಓಡಬೇಕಾದ ದಿನ ನಿಮ್ಮ ಕಾಲು ಮಾತು ಕೇಳದಿದ್ದಾಗ. ನನ್ನ ಪ್ರಕಾರ ಸಾಮಾನ್ಯ ಓಟಗಾರರಿಗೆ ವಾಚಿನಿಂದ ಆಗುವ ದೊಡ್ಡ ಉಪಕಾರ ಇದೇ. ಅದು ನಮ್ಮನ್ನು ಓಡಿಸುವುದಕ್ಕಿಂತ ತಡೆಯುವುದೇ ಜಾಸ್ತಿ.

ಹೆಜ್ಜೆ 2: ಡಬ್ಬದ ಹಿಂಬದಿ ಓದಿ

ಅಂಗಡಿಯಲ್ಲಿ ಮುಂಬದಿಯ ಚಿತ್ರ ಬಿಟ್ಟು ಡಬ್ಬ ತಿರುಗಿಸಿ. ಮೊದಲು ಹುಡುಕಬೇಕಾದ್ದು ಒಂದೇ ಸಾಲು: ಜಿಪಿಎಸ್ ವಾಚಿನೊಳಗೇ ಇದೆಯೋ, ಫೋನಿನದನ್ನು ಎರವಲು ಪಡೆಯುತ್ತದೋ? ‘ಬಿಲ್ಟ್-ಇನ್ ಜಿಪಿಎಸ್’ ಅಂದರೆ ಒಳಗಿದೆ. ‘ಕನೆಕ್ಟೆಡ್ ಜಿಪಿಎಸ್’, ‘ಅಸಿಸ್ಟೆಡ್ ವಯಾ ಫೋನ್’ ಅಂತಿದ್ದರೆ ಫೋನು ಜೇಬಿನಲ್ಲಿ ಇಲ್ಲದೆ ಅದು ಬರೀ ಹೆಜ್ಜೆ ಎಣಿಸಿ ದೂರ ಊಹಿಸುತ್ತದೆ. ಎರಡು ಮೂರು ಸಾವಿರದ ಬ್ಲೂಟೂತ್ ಕಾಲಿಂಗ್ ವಾಚುಗಳಲ್ಲಿ ಹೆಚ್ಚಿನವು ಈ ಜಾತಿಯವು. ಕರೆ, ಮೆಸೇಜು ನೋಡಲು ಅವು ಚೆನ್ನಾಗಿಯೇ ಇವೆ. ಓಟಕ್ಕೆ ಅಷ್ಟಕ್ಕಷ್ಟೆ. ಒಳಗೇ ಜಿಪಿಎಸ್ ಇರುವವಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಬೆಲೆ. ಓಟಕ್ಕೆಂದೇ ಮಾಡಿದವು, ಅಂದರೆ ಗಾರ್ಮಿನ್ ಫೋರ್‌ರನ್ನರ್, ಕೋರೋಸ್ ಪೇಸ್, ಪೋಲಾರ್ ಪೇಸರ್ ಥರದವು, ಇಪ್ಪತ್ತು ಸಾವಿರದ ಆಸುಪಾಸಿನಿಂದ ಮೇಲಕ್ಕೆ ಹೋಗುತ್ತವೆ.

ಎರಡನೆಯದು ಬಟನ್ನು. ಇದನ್ನು ಜನ ಕಡೆಗಣಿಸುತ್ತಾರೆ. ಐದು ಕಿ.ಮೀ. ಓಡಿದ ಮೇಲೆ ಬೆರಳು ಬೆವರಿನಿಂದ ಒದ್ದೆಯಾಗಿರುತ್ತದೆ. ಜೂನ್ ತಿಂಗಳ ಮಂಗಳೂರಿನಲ್ಲಾದರೆ ಮಳೆಯೂ ಸೇರಿಕೊಳ್ಳುತ್ತದೆ. ಟಚ್ ಪರದೆ ಆಗ ಬೆರಳಿಗೂ ಹನಿಗೂ ವ್ಯತ್ಯಾಸ ಗೊತ್ತಾಗದೆ ಒದ್ದಾಡುತ್ತದೆ. ಶುರು, ನಿಲ್ಲಿಸು, ಲ್ಯಾಪ್, ಈ ಮೂರಕ್ಕೂ ಒತ್ತುವ ಬಟನ್ನು ಇರಲೇಬೇಕು. ಅಂಗಡಿಯಲ್ಲಿ ಬೆರಳು ಒದ್ದೆ ಮಾಡಿಕೊಂಡು ಒಂದು ಸಲ ಪ್ರಯತ್ನಿಸಿ ನೋಡಿ. ಸೇಲ್ಸ್‌ಮನ್ ವಿಚಿತ್ರವಾಗಿ ನೋಡಿದರೆ ನೋಡಲಿ.

ಬ್ಯಾಟರಿಯ ವಿಷಯದಲ್ಲಿ ‘14 ದಿನ’ ಅನ್ನುವ ದೊಡ್ಡ ಅಕ್ಷರಕ್ಕೆ ಮರುಳಾಗಬೇಡಿ. ಅದು ಸುಮ್ನೆ ಕೈಯಲ್ಲಿ ಕಟ್ಟಿಕೊಂಡಿದ್ದರೆ ಬರುವ ಲೆಕ್ಕ. ನಿಮಗೆ ಬೇಕಾದ್ದು ಜಿಪಿಎಸ್ ಹಾಕಿದಾಗ ಎಷ್ಟು ಗಂಟೆ ಅನ್ನುವುದು. 10 ಕಿ.ಮೀ., ಹಾಫ್ ಮ್ಯಾರಥಾನ್ ಓಡುವವರಿಗೆ ಹತ್ತು ಗಂಟೆ ಧಾರಾಳ. ಫುಲ್ ಮ್ಯಾರಥಾನ್‌ಗೆ ಐದಾರು ಗಂಟೆ ತಗೊಳ್ಳುವವರು ಹದಿನೈದರ ಮೇಲಿರುವುದನ್ನು ನೋಡಿ, ಯಾಕೆಂದರೆ ಎರಡು ಮೂರು ವರ್ಷಕ್ಕೆ ಬ್ಯಾಟರಿ ಸೊರಗುತ್ತದೆ. ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾದಂಥ 50, 100 ಕಿ.ಮೀ. ಓಟದ ಆಸೆ ಇದ್ದರೆ ಲೆಕ್ಕವೇ ಬೇರೆ, ಮೂವತ್ತು ಗಂಟೆ ಬರುವುದನ್ನು ನೋಡಿ.

ಪರದೆಯಲ್ಲಿ ಎರಡು ಬಗೆ. ಅಮೊಲೆಡ್ ಬಣ್ಣಬಣ್ಣವಾಗಿ ಹೊಳೆಯುತ್ತದೆ, ಬೆಳಗಿನ ಐದು ಗಂಟೆಯ ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ. ಎಂಐಪಿ ಪರದೆ ಮಂಕು, ಆದರೆ ಬಿಸಿಲು ಜಾಸ್ತಿಯಾದಷ್ಟೂ ಸ್ಪಷ್ಟವಾಗುತ್ತದೆ, ಬ್ಯಾಟರಿಯನ್ನೂ ಕಡಿಮೆ ತಿನ್ನುತ್ತದೆ. ಎರಡೂ ನಡೆಯುತ್ತವೆ. ತೂಕ ಮಾತ್ರ ನೋಡಿ. ಸಣ್ಣ ಮಣಿಕಟ್ಟಿನವರು ಭಾರದ, ಅಗಲದ ವಾಚು ಕಟ್ಟಿದರೆ ಪ್ರತಿ ಹೆಜ್ಜೆಗೂ ಅದು ಕುಣಿಯುತ್ತದೆ. ಕುಣಿಯುವ ವಾಚಿನಲ್ಲಿ ಹಾರ್ಟ್ ರೇಟ್ ಸರಿ ಬರಲ್ಲ. ಕೋರೋಸ್ ಪೇಸ್ 3 ನೈಲಾನ್ ಸ್ಟ್ರಾಪ್ ಸೇರಿ 30 ಗ್ರಾಂ ಇದೆ, ಫೋರ್‌ರನ್ನರ್ 165 ಸುಮಾರು 39 ಗ್ರಾಂ. ಆ ಮಟ್ಟದಲ್ಲಿದ್ದರೆ ಕೈಯಲ್ಲಿ ಇರುವುದೇ ಮರೆತುಹೋಗುತ್ತದೆ.

ಡ್ಯುಯಲ್ ಬ್ಯಾಂಡ್, ಅಂದರೆ ಉಪಗ್ರಹದ ಎರಡು ತರಂಗ ಹಿಡಿಯುವ ಜಿಪಿಎಸ್, ಬೇಕಾ ಅನ್ನುವುದು ನೀವು ಎಲ್ಲಿ ಓಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಮೇಲೆ. ಅಲ್ಲಿಂದ ಸಿಗ್ನಲ್ ಬರಲು ಹಿಡಿದ ಸಮಯದಿಂದ ವಾಚು ತನ್ನ ಜಾಗ ಕಂಡುಕೊಳ್ಳುತ್ತದೆ, ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಆ ಸಿಗ್ನಲ್ ನೇರ ಬರದೆ ಗಾಜಿನ ಕಟ್ಟಡಕ್ಕೆ ಬಡಿದು ಬಂದರೆ ದಾರಿ ಉದ್ದವಾಯಿತು, ಜಾಗ ತಪ್ಪಿತು. ಔಟರ್ ರಿಂಗ್ ರೋಡಿನ ಟೆಕ್ ಪಾರ್ಕುಗಳ ಪಕ್ಕ, ಎಂ.ಜಿ. ರೋಡಿನ ಮೆಟ್ರೊ ಸೇತುವೆಯ ಕೆಳಗೆ ಓಡಿದವರ ಮ್ಯಾಪು ನೋಡಿ. ಗೆರೆ ಕಟ್ಟಡಗಳ ಒಳಗೇ ಹೊಕ್ಕು ಬಂದಿರುತ್ತದೆ. ಎಲ್1, ಎಲ್5 ಅನ್ನುವ ಎರಡು ತರಂಗ ಹಿಡಿಯುವ ವಾಚಿಗೆ ಬಡಿದು ಬಂದ ಸಿಗ್ನಲ್ಲನ್ನು ಬೇರೆ ಮಾಡುವುದು ಸುಲಭ. ಹಾಗಾಗಿ ಎತ್ತರದ ಕಟ್ಟಡಗಳ ನಡುವೆ, ದಟ್ಟ ಮರಗಳ ಕೆಳಗೆ ಓಡುವವರಿಗೆ ಇದು ದುಡ್ಡಿಗೆ ತಕ್ಕ ಸೌಕರ್ಯ. ಹಾಸನದ ರಿಂಗ್ ರೋಡಿನಲ್ಲೋ ಬಳ್ಳಾರಿಯ ಬಯಲಿನಲ್ಲೋ ಓಡುವವರು ಆ ದುಡ್ಡು ಉಳಿಸಬಹುದು.

ಹಾಸನ ಅಂದಾಗ ನೆನಪಾಯಿತು. ಜಿಪಿಎಸ್ ಥರದ್ದೇ ಕೆಲಸ ಮಾಡುವ ನಮ್ಮದೇ ನಾವಿಕ್ ಉಪಗ್ರಹಗಳ ಮೇಲೆ ನಿಗಾ ಇಡುವ ಇಸ್ರೋದ ಕೇಂದ್ರ ಇರುವುದು ಅಲ್ಲೇ. ಮೊದಲ ನಾವಿಕ್ ಉಪಗ್ರಹಗಳು ಎಲ್1 ತರಂಗ ಕಳಿಸುತ್ತಿರಲಿಲ್ಲ, ಸಾಮಾನ್ಯ ವಾಚುಗಳು ಹಿಡಿಯುವುದು ಅದನ್ನೇ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಮೊದಲ ಸಲ ಅದನ್ನೂ ಸೇರಿಸಿಕೊಂಡಿತು. ಡಬ್ಬದ ಮೇಲೆ ನಾವಿಕ್ ಹೆಸರಿದ್ದರೆ ಖುಷಿ, ಇಲ್ಲದಿದ್ದರೆ ಅದೊಂದೇ ಕಾರಣಕ್ಕೆ ವಾಚು ಬಿಡಬೇಕಾಗಿಲ್ಲ.

ಹಾಡು ತುಂಬುವುದು, ಮ್ಯಾಪು, ಇಸಿಜಿ, ಕೈಯಲ್ಲೇ ಪೇಮೆಂಟು, ಇವೆಲ್ಲ ಓಟಕ್ಕೆ ಸಂಬಂಧವಿಲ್ಲದ ಬೆಲೆ. ಬೇಕಿದ್ದವರು ತಗೊಳ್ಳಿ. ಬ್ಯಾರೋಮೀಟರ್ ಮಾತ್ರ ಚಾಮುಂಡಿ ಬೆಟ್ಟ, ನಂದಿ ಬೆಟ್ಟ ಹತ್ತುವವರಿಗೆ ಉಪಯೋಗ. ಗಾಳಿಯ ಒತ್ತಡದಿಂದ ಏರು ಲೆಕ್ಕ ಹಾಕುವುದರಿಂದ ಜಿಪಿಎಸ್ಸಿನ ಎತ್ತರಕ್ಕಿಂತ ಅದು ಎಷ್ಟೋ ವಾಸಿ. ಕೊನೆಗೆ ಒಂದು ವಿಚಾರಣೆ: ರಿಪೇರಿ ಬಂದರೆ ಎಲ್ಲಿಗೆ ಕೊಡಬೇಕು, ಸ್ಟ್ರಾಪು, ಚಾರ್ಜರ್ ಬಿಡಿಯಾಗಿ ಇಲ್ಲಿ ಸಿಗುತ್ತವಾ? ವಿದೇಶದಿಂದ ಬರುವ ಸಂಬಂಧಿಕರ ಕೈಲಿ ಅಗ್ಗಕ್ಕೆ ತರಿಸಿದರೆ ವಾರಂಟಿ ಇಲ್ಲಿ ನಡೆಯುತ್ತದಾ ಅಂತಲೂ ಮೊದಲೇ ಕೇಳಿ.

ಹೆಜ್ಜೆ 3: ಓಡುವ ಮುಂಚಿನ ಅರ್ಧ ಗಂಟೆ

ಡಬ್ಬ ಒಡೆದ ದಿನವೇ ಕಟ್ಟಿಕೊಂಡು ಓಡಬೇಡಿ. ಫೋನಿಗೆ ಜೋಡಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಮುಗಿಸಿ. ವಯಸ್ಸು, ತೂಕ, ಯಾವ ಕೈ ಅನ್ನುವುದನ್ನು ಸರಿಯಾಗಿ ಕೊಡಿ. ಆಮೇಲೆ ಓಟದ ಪರದೆ ನೀವೇ ಕಟ್ಟಿ. ಕಾರ್ಖಾನೆಯಿಂದ ಬಂದ ಪರದೆಯಲ್ಲಿ ಆರೇಳು ಅಂಕಿ ತುರುಕಿರುತ್ತಾರೆ, ಓಡುತ್ತಾ ಅದನ್ನು ಓದಲು ಆಗಲ್ಲ. ಮೊದಲ ಪರದೆಯಲ್ಲಿ ಮೂರೇ ಇರಲಿ: ಓಡಿದ ಸಮಯ, ದೂರ, ಲ್ಯಾಪ್ ಪೇಸ್. ಎರಡನೆಯದರಲ್ಲಿ ಹಾರ್ಟ್ ರೇಟ್ ಒಂದೇ, ದೊಡ್ಡ ಅಕ್ಷರದಲ್ಲಿ. ಮೂರನೆಯ ಪರದೆ ಬೇಡವೇ ಬೇಡ. ಚಾಳೀಸು ಹಾಕುವವರು ಕನ್ನಡಕ ತೆಗೆದಿಟ್ಟು ಅಕ್ಷರ ಓದಲು ಬರುತ್ತದಾ ಅಂತ ನೋಡಿಕೊಳ್ಳಿ.

ಆಟೊ ಪಾಝ್ ಅನ್ನುವುದು ನೀವು ನಿಂತಾಗ ಗಡಿಯಾರ ನಿಲ್ಲಿಸುತ್ತದೆ. ಸಿಗ್ನಲ್ಲಿನಲ್ಲಿ ನಿಲ್ಲಬೇಕಾದ ರಸ್ತೆಗೆ ಸರಿ. ಪಾರ್ಕಿನಲ್ಲಿ, ರೇಸಿನಲ್ಲಿ ಅದನ್ನು ಆಫ್ ಮಾಡಿ. ರೇಸಿನಲ್ಲಿ ನೀರು ಕುಡಿಯಲು ನಿಂತ ಹೊತ್ತನ್ನೂ ಅಧಿಕೃತ ಗಡಿಯಾರ ಎಣಿಸುತ್ತದೆ, ಅಲ್ವಾ?

ಪ್ರೈವಸಿ ಸೆಟ್ಟಿಂಗ್ಸ್ ಕೂಡ ಅದೇ ದಿನ ಮುಗಿಸಿ. 2018ರ ಜನವರಿಯಲ್ಲಿ, ಓಟ ಹಂಚಿಕೊಳ್ಳುವ ಆ್ಯಪ್ ಸ್ಟ್ರಾವಾದ ಹೀಟ್‌ಮ್ಯಾಪಿನಲ್ಲಿ (ಜನ ಓಡಿದ ದಾರಿಗಳನ್ನೆಲ್ಲ ತೋರಿಸುವ ಮ್ಯಾಪು) ಅಮೆರಿಕದ ಸೇನಾ ನೆಲೆಗಳೇ ಗೆರೆಗೆರೆಯಾಗಿ ಕಂಡು ದೊಡ್ಡ ಸುದ್ದಿಯಾಗಿತ್ತು. ಸೈನಿಕರು ಓಡಿ ಅಪ್‌ಲೋಡ್ ಮಾಡಿದ್ದೇ ಕಾರಣ. ನಮ್ಮ ಮನೆಯ ಗೇಟು ಅಷ್ಟು ದೊಡ್ಡ ರಹಸ್ಯ ಅಲ್ಲ. ಆದರೂ ದಿನಾ ಬೆಳಗ್ಗೆ ಐದೂವರೆಗೆ ಯಾರು ಎಲ್ಲಿಂದ ಒಬ್ಬರೇ ಹೊರಡುತ್ತಾರೆ ಅಂತ ಊರಿಗೆಲ್ಲ ಗೊತ್ತಾಗಬೇಕಾಗಿಲ್ಲ. ಶುರು ಮತ್ತು ಕೊನೆಯ ಜಾಗ ಮರೆಮಾಡುವ ಆಯ್ಕೆ ಆ್ಯಪಿನಲ್ಲಿ ಇರುತ್ತದೆ. ಕತ್ತಲಲ್ಲಿ ಒಬ್ಬರೇ ಓಡುವವರು ಮನೆಯವರೊಬ್ಬರಿಗೆ ಮಾತ್ರ ಲೈವ್ ಲೊಕೇಷನ್ ಕಾಣುವ ಹಾಗೆ ಮಾಡಿಕೊಳ್ಳಬಹುದು. ಹೆಚ್ಚಿನ ವಾಚುಗಳಲ್ಲಿ ಅದಕ್ಕೆ ಫೋನು ಜೊತೆಗಿರಬೇಕು.

ಹೆಜ್ಜೆ 4: ಕಟ್ಟುವ ಜಾಗ

ಮಣಿಕಟ್ಟಿನ ಹೊರಬದಿಯಲ್ಲಿ ಉಬ್ಬಿದ ಮೂಳೆ ಇದೆಯಲ್ಲ, ಹೆಚ್ಚಿನವರು ವಾಚು ಕಟ್ಟುವುದು ಅದರ ಮೇಲೇ. ಅಲ್ಲಿ ಮೂಳೆಗೂ ವಾಚಿಗೂ ನಡುವೆ ಸಂದು ಉಳಿಯುತ್ತದೆ. ಓಟಕ್ಕೆ ಅಲ್ಲಿಂದ ಒಂದು ಬೆರಳಗಲ, ಬೇಕಿದ್ದರೆ ಎರಡು ಬೆರಳಗಲ, ಮೊಣಕೈ ಕಡೆಗೆ ಸರಿಸಿ. ಸ್ಟ್ರಾಪನ್ನು ದಿನದ ತೂತಿಗಿಂತ ಒಂದು ತೂತು ಬಿಗಿ ಮಾಡಿ. ವಾಚು ಹಿಡಿದು ಅಲ್ಲಾಡಿಸಿದರೆ ಚರ್ಮವೂ ಜೊತೆಗೆ ಅಲ್ಲಾಡಬೇಕು, ಆದರೆ ಬೆರಳು ಜೋಮು ಹಿಡಿಯಬಾರದು. ಓಟ ಮುಗಿದ ಕೂಡಲೇ ಮತ್ತೆ ಸಡಿಲ ಮಾಡಿ.

ಇಷ್ಟು ಮಾಡುವುದು ಯಾಕೆ ಅಂದರೆ, ವಾಚಿನ ಹೊಟ್ಟೆಯಲ್ಲಿರುವ ಹಸಿರು ಬೆಳಕು ಚರ್ಮದೊಳಗಿನ ರಕ್ತಕ್ಕೆ ಬಿದ್ದು ಎಷ್ಟು ವಾಪಸು ಬಂತು ಅನ್ನುವುದರಿಂದ ಬಡಿತ ಎಣಿಸುತ್ತದೆ. ಸಂದಿನಲ್ಲಿ ಹೊರಗಿನ ಬೆಳಕು ನುಗ್ಗಿದರೆ, ವಾಚು ಕುಣಿದರೆ, ಲೆಕ್ಕ ಕೆಡುತ್ತದೆ. ಅದರಲ್ಲೂ ಒಂದು ತಮಾಷೆಯ ತಪ್ಪಿದೆ. ವಾಚು ಹೃದಯದ ಬಡಿತ ಬಿಟ್ಟು ನಿಮ್ಮ ಹೆಜ್ಜೆಯ ತಾಳ ಹಿಡಿದುಬಿಡುತ್ತದೆ. ಓಡುವಾಗ ನಿಮಿಷಕ್ಕೆ 160ರಿಂದ 180 ಹೆಜ್ಜೆ ಸಾಮಾನ್ಯ. ಹಾಯಾಗಿ ಮಾತಾಡಿಕೊಂಡು ಓಡುತ್ತಿದ್ದೀರಿ, ವಾಚು 172 ತೋರಿಸುತ್ತಿದೆ, ಕ್ಯಾಡೆನ್ಸ್ (ನಿಮಿಷಕ್ಕೆ ಎಷ್ಟು ಹೆಜ್ಜೆ) ನೋಡಿದರೆ ಅದೂ 172. ಆಗ ಗಾಬರಿ ಬೇಡ. ಹತ್ತು ಸೆಕೆಂಡ್ ನಿಂತು, ವಾಚು ಸರಿಸಿ, ಒರೆಸಿ, ಬಿಗಿ ಮಾಡಿ. ಕತ್ತಿನ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ ನೋಡಿ.

ಹಾರ್ಟ್ ರೇಟ್ ನೋಡಿಕೊಂಡೇ ತರಬೇತಿ ಮಾಡುವವರು ಎದೆಗೆ ಕಟ್ಟುವ ಸ್ಟ್ರಾಪ್ ತಗೊಳ್ಳಿ. ಅದು ಬೆಳಕಿನ ಬದಲು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಕಟ್ಟುವ ಮೊದಲು ಅದರ ಒಳಬದಿ ಒದ್ದೆ ಮಾಡಬೇಕು, ಒಣಗಿದ್ದರೆ ಮೊದಲ ಹತ್ತು ನಿಮಿಷ ಹುಚ್ಚುಹುಚ್ಚು ಅಂಕಿ ಕೊಡುತ್ತದೆ. ವಾಚಿಗೆ ಹತ್ತು ಸಾವಿರ ಜಾಸ್ತಿ ಸುರಿಯುವುದಕ್ಕಿಂತ ಸಾಧಾರಣ ವಾಚು ಮತ್ತು ಒಳ್ಳೆಯ ಚೆಸ್ಟ್ ಸ್ಟ್ರಾಪ್ ಜೋಡಿ ಮೇಲು ಅಂತ ನಾನು ಹೇಳುತ್ತೇನೆ.

ಇನ್ನು ಹಾರ್ಟ್ ರೇಟ್ ಝೋನ್, ಅಂದರೆ ಗರಿಷ್ಠ ಬಡಿತ ಆಧರಿಸಿ ಶ್ರಮವನ್ನು ಐದು ಹಂತ ಮಾಡುವ ಲೆಕ್ಕ. ವಾಚು ಹೆಚ್ಚಾಗಿ 220ರಿಂದ ವಯಸ್ಸು ಕಳೆದು ನಿಮ್ಮ ಗರಿಷ್ಠ ಬಡಿತ ಇಷ್ಟು ಅಂತ ತೀರ್ಮಾನಿಸುತ್ತದೆ. ನಲವತ್ತು ವರ್ಷದವರಿಗೆ 180. ನಿಜವಾದ ಅಂಕಿ ಹತ್ತು ಹನ್ನೆರಡು ಆಚೆ ಈಚೆ ಇರುವುದು ತೀರಾ ಮಾಮೂಲು. ಆ ಒಂದು ಅಂಕಿ ತಪ್ಪಿದರೆ ಐದೂ ಝೋನ್ ತಪ್ಪಿದ ಹಾಗೆ. ಅದಕ್ಕೇ ಮೊದಲ ಕೆಲವು ವಾರ ಝೋನ್ ಬಣ್ಣ ಮರೆತು ಮಾತಿನ ಪರೀಕ್ಷೆ ಮಾಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಿಕೊಂಡು ಓಡಲು ಆದರೆ ಅದು ನಿಮ್ಮ ನಿಧಾನ ಓಟ. ಆಗ ಬಡಿತ ಎಷ್ಟಿದೆ ಅಂತ ನೋಡಿ ಬರೆದಿಡಿ. ಕೆಲವು ವಾರದಲ್ಲಿ ನಿಮ್ಮದೇ ಅಂಕಿ ಸಿಗುತ್ತದೆ, ಅದನ್ನು ವಾಚಿಗೆ ತುಂಬಿ. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಬಡಿತ ಏರುವುದೇ ಕಡಿಮೆ, ಅವರಿಗೆ ಈ ಝೋನ್ ಲೆಕ್ಕ ನಡೆಯಲ್ಲ. ಗರಿಷ್ಠ ಬಡಿತ ಕಂಡುಹಿಡಿಯುತ್ತೇನೆ ಅಂತ ಬೆಟ್ಟಕ್ಕೆ ಜೀವ ಬಿಟ್ಟು ಓಡುವ ಪ್ರಯೋಗವನ್ನು ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ. ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ವಾಚು ಏನೇ ತೋರಿಸಲಿ, ನಿಲ್ಲಿಸಿ.

ಹೆಜ್ಜೆ 5: ಸಿಗ್ನಲ್ ಸಿಗುವವರೆಗೆ ಕಾಯಿರಿ

ಹೊರಡುವ ಹಿಂದಿನ ರಾತ್ರಿ ವಾಚನ್ನು ಫೋನಿನ ಜೊತೆ ಸಿಂಕ್ ಮಾಡಿ. ಉಪಗ್ರಹಗಳು ಮುಂದಿನ ದಿನಗಳಲ್ಲಿ ಎಲ್ಲೆಲ್ಲಿ ಇರುತ್ತವೆ ಅನ್ನುವ ಪಟ್ಟಿ ಆಗ ವಾಚಿಗೆ ಬರುತ್ತದೆ. ಪಟ್ಟಿ ಇದ್ದರೆ ಕೆಲವೇ ಸೆಕೆಂಡಿಗೆ ಸಿಗ್ನಲ್ ಸಿಗುತ್ತದೆ. ಇಲ್ಲದಿದ್ದರೆ ನಿಮಿಷಗಟ್ಟಲೆ ಗೇಟಿನ ಹತ್ತಿರ ಕೈ ಎತ್ತಿ ನಿಲ್ಲಬೇಕು. ಬೇರೆ ಊರಿಗೆ ಹೋದ ದಿನ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಬಯಲಲ್ಲಿ ನಿಂತು ಓಟದ ಮೋಡ್ ತೆರೆಯಿರಿ. ಸಿಕ್ಕಿತು ಅಂತ ವಾಚು ಹೇಳಿದ ಮೇಲೂ ಅರ್ಧ ನಿಮಿಷ ಬಿಡಿ, ಇನ್ನಷ್ಟು ಉಪಗ್ರಹ ಸೇರಿಕೊಳ್ಳುತ್ತವೆ. ಅಷ್ಟರಲ್ಲಿ ಕಾಲು ಸಡಿಲ ಮಾಡಿಕೊಳ್ಳಿ. ಕಬ್ಬನ್ ಪಾರ್ಕಿನಲ್ಲಾದರೆ ಬಿದಿರು ಮೆಳೆಯ ಕೆಳಗೆ ನಿಂತು ಶುರು ಮಾಡುವುದಕ್ಕಿಂತ ಮರ ಕಡಿಮೆ ಇರುವ ಕಡೆ ನಿಂತು ಶುರು ಮಾಡುವುದು ಒಳ್ಳೆಯದು.

ವಾಚು ದೂರವನ್ನು ಎಷ್ಟು ಸರಿಯಾಗಿ ಅಳೆಯುತ್ತದೆ ಅಂತ ಪರೀಕ್ಷೆ ಮಾಡಬೇಕಾ? ಅದಕ್ಕೆ ಸರಿಯಾದ ಜಾಗ 400 ಮೀಟರ್ ಟ್ರ್ಯಾಕ್. ಬೆಂಗಳೂರಿನ ಕಂಠೀರವ, ಮಂಗಳೂರಿನ ಮಂಗಳಾ ಕ್ರೀಡಾಂಗಣ, ನಿಮ್ಮ ಹತ್ತಿರ ಯಾವುದಿದೆಯೋ ಅದು. 400 ಇರುವುದು ಮೊದಲ ಲೇನಿನಲ್ಲಿ ಮಾತ್ರ. ಹೊರಗೆ ಹೋದ ಹಾಗೆ ಪ್ರತಿ ಲೇನಿಗೆ ಏಳೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ಸೇರುತ್ತದೆ. ನಾಲ್ಕನೇ ಲೇನಿನಲ್ಲಿ ಒಂದು ಸುತ್ತು ಸುಮಾರು 422 ಮೀಟರ್, ಎಂಟನೆಯದರಲ್ಲಿ 453. ನಿಧಾನ ಓಡುವಾಗ ಒಳಗಿನ ಲೇನು ವೇಗದವರಿಗೆ ಬಿಟ್ಟುಕೊಡುವುದು ಮರ್ಯಾದೆ, ಹಾಗಾಗಿ ನಿಮ್ಮ ಲೇನಿನ ಅಳತೆ ಗೊತ್ತಿರಲಿ. ಸುತ್ತು ಸುತ್ತುವಾಗ ಜಿಪಿಎಸ್ ಎಡವುವುದು ಸಹಜ. ಕೆಲವು ವಾಚುಗಳಲ್ಲಿ ‘ಟ್ರ್ಯಾಕ್ ರನ್’ ಅಂತ ಬೇರೆ ಮೋಡ್ ಇದೆ, ಅದಕ್ಕೆ ಲೇನಿನ ನಂಬರ್ ಹೇಳಿದರೆ ಲೆಕ್ಕ ಸರಿಮಾಡಿಕೊಳ್ಳುತ್ತದೆ.

ಹೆಜ್ಜೆ 6: ಪೇಸ್ ನೋಡುವ ಬಗೆ

ಹೊಸ ವಾಚಿನವರು ಹೆಚ್ಚು ದಾರಿ ತಪ್ಪುವುದು ಇಲ್ಲೇ. ಪರದೆಯಲ್ಲಿ ಈ ಕ್ಷಣದ ಪೇಸ್ 6:10 ಇರುತ್ತದೆ, ಮರದ ಕೆಳಗೆ ಹೋದರೆ 7:05, ಆಚೆ ಬಂದರೆ 5:40. ನೀವು ಓಡುತ್ತಿರುವುದು ಒಂದೇ ವೇಗದಲ್ಲಿ. ಆ ಅಂಕಿಯ ಹಿಂದೆ ಬಿದ್ದರೆ ಒಮ್ಮೆ ಜೋರು ಒಮ್ಮೆ ನಿಧಾನ ಅಂತ ಜಗ್ಗಾಡಿ ಸುಸ್ತಾಗುತ್ತದೆ. ಅದರ ಬದಲು ಲ್ಯಾಪ್ ಪೇಸ್ ನೋಡಿ. ಈ ಕಿ.ಮೀ. ಶುರುವಾದಾಗಿನಿಂದ ಇಲ್ಲಿವರೆಗಿನ ಸರಾಸರಿ ಅದು. ಕಿ.ಮೀ.ನ ಮೊದಲ 200 ಮೀಟರ್ ಅದೂ ಓಲಾಡುತ್ತದೆ, ಆಮೇಲೆ ನಿಲ್ಲುತ್ತದೆ.

ಇಂಟರ್ವಲ್ ಮಾಡುವಾಗ ಪಾರ್ಕಿನಲ್ಲಿ ದೂರದ ಲೆಕ್ಕ ಬಿಟ್ಟು ಸಮಯದ ಲೆಕ್ಕ ಇಟ್ಟುಕೊಳ್ಳಿ. ‘400 ಮೀಟರ್ ಆರು ಸಲ’ ಅನ್ನುವ ಬದಲು ‘ಎರಡು ನಿಮಿಷ ಜೋರು, ಎರಡು ನಿಮಿಷ ನಿಧಾನ, ಆರು ಸಲ’. ಮೊದಲೇ ಹೇಳಿದ ಹಾಗೆ ವಾಚಿಗೆ ಸಮಯ ಮಾತ್ರ ಯಾವ ಮರದ ಕೆಳಗೂ ತಪ್ಪಲ್ಲ. ವಾರ್ಮಪ್ಪು, ಕೂಲ್ ಡೌನ್ ಸೇರಿಸಿ ಇದನ್ನು ಆ್ಯಪಿನಲ್ಲಿ ವರ್ಕೌಟ್ ಆಗಿ ಬರೆದಿಟ್ಟರೆ ವಾಚು ಕೈಯಲ್ಲೇ ನಡುಗಿ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅಂತ ಹೇಳುತ್ತದೆ. ನೋಡುವ ಕೆಲಸವೇ ಇಲ್ಲ.

ನಿಧಾನ ಓಟದ ದಿನ ಒಂದು ಅಲರ್ಟ್ ಹಾಕಿ. ನಿಮ್ಮ ನಿಧಾನ ಪೇಸ್ 7:30 ಅಂದುಕೊಳ್ಳಿ, 7:00ಕ್ಕಿಂತ ವೇಗವಾದರೆ ನಡುಗು ಅಂತ ಹೇಳಿ. ಪಕ್ಕದಲ್ಲಿ ಯಾರೋ ಹಿಂದೆ ಹಾಕಿಕೊಂಡು ಹೋದಾಗ ಕಾಲು ತಾನಾಗಿಯೇ ಜೋರಾಗುತ್ತದಲ್ಲ, ಆಗ ಗೊತ್ತಾಗುತ್ತದೆ ಇದರ ಬೆಲೆ. ಏರು ದಾರಿಯಲ್ಲಿ, ಏಪ್ರಿಲ್ ಸೆಕೆಯಲ್ಲಿ, ಕರಾವಳಿಯಲ್ಲಿ ವರ್ಷವಿಡೀ, ಅದೇ ಶ್ರಮಕ್ಕೆ ಪೇಸ್ ಇಳಿಯುತ್ತದೆ, ಬಡಿತ ಏರುತ್ತದೆ. ಅಂಥ ದಿನ ಪೇಸ್ ಮರೆತು ಉಸಿರಿನ ಮೇಲೆ ಓಡಿ.

ಹೆಜ್ಜೆ 7: ರೇಸಿನ ದಿನ

ಯಾವ 10 ಕಿ.ಮೀ. ಓಟದ ಗೆರೆ ದಾಟಿದ ಜಾಗದಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ.

“ಸಾರ್, ನಿಮ್ದರಲ್ಲಿ ಎಷ್ಟು ಬಂತು?”

“ಹತ್ತು ಪಾಯಿಂಟ್ ಒಂದು ಎಂಟು. ನಿಮ್ದು?”

“ನಂದು ಹತ್ತು ಪಾಯಿಂಟ್ ಎರಡು. ಜಾಸ್ತಿ ಓಡಿಸಿಬಿಟ್ರು ಅನ್ಸುತ್ತೆ ಸಾರ್.”

ಜಾಸ್ತಿ ಓಡಿಸಿರಲ್ಲ. ಪ್ರಮಾಣೀಕೃತ ಓಟದ ದಾರಿಯನ್ನು ಸೈಕಲ್ಲಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಎಣಿಕೆ ಯಂತ್ರ ಕಟ್ಟಿ ಅಳೆಯುತ್ತಾರೆ. ತಿರುವುಗಳಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು, ಓಡಲು ಸಾಧ್ಯವಿರುವ ಅತಿ ಚಿಕ್ಕ ದಾರಿ ಹಿಡಿಯುತ್ತಾರೆ. ಯಾವ ಕಾರಣಕ್ಕೂ ಕಡಿಮೆ ಆಗಬಾರದು ಅಂತ ಸಾವಿರಕ್ಕೆ ಒಂದರಂತೆ, ಅಂದರೆ 10 ಕಿ.ಮೀ.ಗೆ 10 ಮೀಟರ್, ಮ್ಯಾರಥಾನಿಗೆ 42 ಮೀಟರ್, ಸೇರಿಸಿರುತ್ತಾರೆ. ಸಾವಿರಾರು ಜನರ ನಡುವೆ ನಾವು ಆ ಚಿಕ್ಕ ದಾರಿಯಲ್ಲಿ ಓಡುವುದಿಲ್ಲ. ನೀರಿನ ಟೇಬಲ್ಲಿಗೆ ಎಡಕ್ಕೆ, ಜನರನ್ನು ದಾಟಲು ಬಲಕ್ಕೆ, ತಿರುವಿನಲ್ಲಿ ಹೊರಗಿನಿಂದ. ಅದಕ್ಕೆ ಜಿಪಿಎಸ್ಸಿನ ಓಲಾಟ ಸೇರಿ ವಾಚಿನಲ್ಲಿ 10.1, 10.2 ಬರುತ್ತದೆ.

ಇದರ ಪರಿಣಾಮ ಗುರಿಯ ಮೇಲೆ ಬೀಳುತ್ತದೆ. ಒಂದು ಗಂಟೆಯೊಳಗೆ ಮುಗಿಸಬೇಕು ಅಂತಿದ್ದೀರಿ. ಕಿ.ಮೀ.ಗೆ 6 ನಿಮಿಷ ಸಾಕು ಅಂತ ವಾಚಿನಲ್ಲಿ 6:00 ಹಿಡಿದು ಓಡಿದಿರಿ. ವಾಚಿನ ಪ್ರಕಾರ ದಾರಿ 10.15 ಕಿ.ಮೀ. ಆದರೆ ಗೆರೆ ದಾಟುವಾಗ 60 ನಿಮಿಷ 54 ಸೆಕೆಂಡ್ ಆಗಿರುತ್ತದೆ. ಗುರಿ ಮುಟ್ಟಬೇಕಿದ್ದರೆ ವಾಚಿನಲ್ಲಿ 5:54 ಕಾಣಬೇಕು. ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಪ್ರತಿ ಕಿ.ಮೀ.ಗೂ ವಾಚೇ ಲ್ಯಾಪ್ ಹಾಕುವ ಆಟೊ ಲ್ಯಾಪ್ ಆಫ್ ಮಾಡಿ, ರಸ್ತೆ ಬದಿಯ ಕಿ.ಮೀ. ಬೋರ್ಡು ದಾಟಿದಾಗಲೆಲ್ಲ ನೀವೇ ಲ್ಯಾಪ್ ಬಟನ್ ಒತ್ತಿ. ಆಗ ವಾಚಿನ ದೂರ ಏನೇ ಹೇಳಲಿ, ಬೋರ್ಡಿನಿಂದ ಬೋರ್ಡಿಗೆ ಎಷ್ಟು ಸೆಕೆಂಡ್ ಹಿಡಿಯಿತು ಅನ್ನುವುದು ನಿಖರವಾಗಿ ಸಿಗುತ್ತದೆ. 5ನೇ ಬೋರ್ಡಿನ ಹತ್ತಿರ ಒಟ್ಟು ಸಮಯ 30 ನಿಮಿಷದೊಳಗೆ ಇದೆಯಾ ಅಂತ ನೋಡಿದರೆ ಮುಗಿಯಿತು. ಬೋರ್ಡೇ ಸರಿಯಾದ ಜಾಗದಲ್ಲಿಲ್ಲದ ಸಣ್ಣ ಓಟಗಳೂ ಇವೆ, ಅಲ್ಲಿ ಒಂದು ಕಿ.ಮೀ. ವಿಚಿತ್ರವಾಗಿ ಬಂದರೆ ಮುಂದಿನದನ್ನು ನೋಡಿ.

ಮೊದಲ ಕಿ.ಮೀ.ನಲ್ಲಿ ಜನಜಂಗುಳಿ ಇರುತ್ತದೆ, ಜೊತೆಗೆ ಹುರುಪು. ಅಲ್ಲಿ ವಾಚು ಗುರಿಗಿಂತ ಹತ್ತು ಸೆಕೆಂಡ್ ನಿಧಾನ ತೋರಿಸಿದರೆ ಒಳ್ಳೆಯದೇ. ಇಪ್ಪತ್ತು ಸೆಕೆಂಡ್ ವೇಗ ತೋರಿಸಿದರೆ ತಕ್ಷಣ ವೇಗ ಇಳಿಸಿ. ಶುರುವಿನ ಗೆರೆ ದಾಟುವಾಗ ಬಟನ್ ಒತ್ತಿ, ಗುಂಡು ಹಾರಿದಾಗ ಅಲ್ಲ. ನಿಮ್ಮ ಬಿಬ್ಬಿನ (ಎದೆಗೆ ಅಂಟಿಸುವ ನಂಬರ್ ಚೀಟಿಯ) ಚಿಪ್ ಎಣಿಸುವುದೂ ಅಲ್ಲಿಂದಲೇ. ಮುಗಿಯುವಾಗ ಗೆರೆಯ ಮೇಲೇ ತಲೆ ತಗ್ಗಿಸಿ ವಾಚು ಒತ್ತಬೇಡಿ, ಫೋಟೊದಲ್ಲಿ ಮುಖ ಬರಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ಒತ್ತಿ.

ಊಹೆಯ ಅಂಕಿಗಳು

ವಿಒ2 ಮ್ಯಾಕ್ಸ್, ಅಂದರೆ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವುದನ್ನು ಪ್ರಯೋಗಾಲಯದಲ್ಲಿ ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ನೀವು ಬಳಸಿದ ಆಮ್ಲಜನಕ ಅಳೆದು ಹೇಳುತ್ತಾರೆ. ವಾಚಿಗೆ ಮಾಸ್ಕ್ ಇಲ್ಲ. ನಿಮ್ಮ ವೇಗ ಮತ್ತು ಬಡಿತದ ಸಂಬಂಧ ನೋಡಿ ಅಂದಾಜು ಹೇಳುತ್ತದೆ. ಬಡಿತ ತಪ್ಪಿದ್ದರೆ ಇದೂ ತಪ್ಪು. ತಿಂಗಳುಗಳ ಮೇಲೆ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಮಾತ್ರ ನೋಡಿ. ಪಕ್ಕದವರ ಅಂಕಿಗೆ ಹೋಲಿಸಬೇಡಿ, ಬೇರೆ ಕಂಪನಿಯ ವಾಚಿಗಂತೂ ಬೇಡವೇ ಬೇಡ.

ಕ್ಯಾಲೊರಿಗೆ ಒಂದು ಹಳೆಯ ಅಂದಾಜಿದೆ: ಒಂದು ಕಿ.ಮೀ. ಓಡಿದರೆ ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ. 70 ಕಿಲೋದವರು 5 ಕಿ.ಮೀ. ಓಡಿದರೆ 350 ಆಸುಪಾಸು. ವಾಚು 600 ಅಂದರೆ ನಗಬಹುದು. ಆ ಲೆಕ್ಕ ನಂಬಿ ಓಟದ ನಂತರ ಎರಡು ಮಸಾಲೆ ದೋಸೆ ತಿಂದು, ಆಮೇಲೆ ತೂಕ ಇಳಿಯಲಿಲ್ಲ ಅಂತ ವಾಚನ್ನು ಬೈಯುವುದು ಅನ್ಯಾಯ.

‘72 ಗಂಟೆ ವಿಶ್ರಾಂತಿ’ ಅನ್ನುವುದು ಸೂಚನೆಯಷ್ಟೆ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಎರಡು ಗಂಟೆವರೆಗೆ ಎದ್ದಿದ್ದಿರಾ, ಮೊಣಕಾಲು ನೋಯುತ್ತಿದೆಯಾ, ಇದು ವಾಚಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೆಚ್ಚು ಜನ ಎಡವುವುದು ಸ್ಟ್ರೀಕ್ ಲೆಕ್ಕದಲ್ಲಿ, ಅಂದರೆ ತಪ್ಪದೆ ಸತತ ಎಷ್ಟು ದಿನ ಓಡಿದಿರಿ ಅನ್ನುವುದರಲ್ಲಿ. ಜ್ವರ ಬಂದರೂ ಪರದೆಯ ದಿನದ ಗುರಿಯ ರಿಂಗ್ ತುಂಬಬೇಕು ಅಂತ ಓಡುವವರಿದ್ದಾರೆ. ಆ ನೋಟಿಫಿಕೇಷನ್ ಆಫ್ ಮಾಡುವ ಸೌಲಭ್ಯ ಹೆಚ್ಚಿನ ವಾಚುಗಳಲ್ಲಿ ಇದೆ.

ನೋಡಿಕೊಳ್ಳುವ ಬಗೆ

ಬೆವರಿನ ಉಪ್ಪು ವಾಚಿನ ಶತ್ರು. ಓಟ ಮುಗಿದ ಮೇಲೆ ನಲ್ಲಿ ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಿ. ಹಿಂಬದಿಯ ಚಾರ್ಜಿಂಗ್ ಪಿನ್ನುಗಳ ಸುತ್ತ ಹಸಿರು, ಕಪ್ಪು ಕಲೆ ಕಂಡರೆ ಉಪ್ಪು ತಿನ್ನಲು ಶುರು ಮಾಡಿದೆ ಅಂತ ಅರ್ಥ. ಒದ್ದೆ ಇರುವಾಗ ಚಾರ್ಜಿಗೆ ಹಾಕಬೇಡಿ. ಬ್ಯಾರೋಮೀಟರಿನ ಸಣ್ಣ ತೂತಿನಲ್ಲಿ ಬೆವರು ಕಟ್ಟಿಕೊಂಡರೆ ಸಪಾಟು ರಸ್ತೆಯಲ್ಲೂ ನೂರಾರು ಮೀಟರ್ ಏರಿದ ಹಾಗೆ ತೋರಿಸುತ್ತದೆ. ಪಿನ್ನು ಚುಚ್ಚದೆ ನೀರಿನಲ್ಲಿ ನೆನೆಸಿ ತೊಳೆಯಿರಿ. 5 ಎಟಿಎಂ (ನೀರು ತಡೆಯುವ ಮಟ್ಟ) ಅಂತ ಬರೆದ ವಾಚು ಮಳೆಗೂ ಈಜಿಗೂ ಸರಿ, ಆದರೆ ಬಿಸಿನೀರಿನ ಸ್ನಾನಕ್ಕೆ ಕಟ್ಟಿಕೊಂಡು ಹೋಗಬೇಡಿ. ಬಿಸಿ ಮತ್ತು ಸೋಪು ಸೇರಿ ಒಳಗಿನ ರಬ್ಬರ್ ಸೀಲನ್ನು ಕೆಡಿಸುತ್ತವೆ.

ಸ್ಟ್ರಾಪಿನ ಕೆಳಗೆ ಕೆಂಪಗೆ ತುರಿಕೆ ಬಂದರೆ ಹೆಚ್ಚಿನ ಸಲ ಕಾರಣ ಸಿಕ್ಕಿಕೊಂಡ ಬೆವರು, ಸೋಪು. ಸ್ಟ್ರಾಪು ಬಿಚ್ಚಿ ತೊಳೆದು ಒಣಗಿಸಿ, ಎರಡು ಮೂರು ದಿನ ಇನ್ನೊಂದು ಕೈಗೆ ಕಟ್ಟಿ. ಸಿಲಿಕಾನ್ ಆಗದವರಿಗೆ ನೈಲಾನ್ ಸ್ಟ್ರಾಪು ವಾಸಿ, ಗಾಳಿ ಆಡುತ್ತದೆ, ಆದರೆ ಒಣಗಲು ಹೊತ್ತು ಬೇಕು. ಮಲೆನಾಡಿನ ಮಳೆಗಾಲದಲ್ಲಿ ಎರಡು ಸ್ಟ್ರಾಪು ಇಟ್ಟುಕೊಂಡು ಬದಲಾಯಿಸುವುದೇ ದಾರಿ. ರೇಸಿಗೆ ಬೇರೆ ಊರಿಗೆ ಹೊರಟಾಗ ಚಾರ್ಜರ್ ಬ್ಯಾಗಿನಲ್ಲಿದೆಯಾ ನೋಡಿ. ಒಂದೊಂದು ಕಂಪನಿಯ ಪಿನ್ನೂ ಒಂದೊಂದು ಥರ, ಹೋಟೆಲಿನವರನ್ನು ಕೇಳಿದರೆ ಸಿಗುವ ವಸ್ತು ಅಲ್ಲ ಅದು.